ಪ್ರೇಯರ್‌ನಲ್ಲಿ ಮಗಳು ಬೀಳುತ್ತಾಳೆ. ಔಷಧಿ ಕೊಟ್ಟು ಬೀಳಿಸಿ ನೋಡುವ ಟೆಸ್ಟ್ ಅಂತೆ, ಮಾಡಿಸಿದವರು ಇದ್ದೀರಾ?

ಮೂಡಿಗೆರೆ ಅಪ್ಪ:

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ಮಗಳಿಗೆ 12 ವರ್ಷ, ಏಳನೇ ಕ್ಲಾಸು. ಈ ಒಂದು ವರ್ಷದಲ್ಲಿ ನಾಲ್ಕು ಸಲ ಜ್ಞಾನ ತಪ್ಪಿ ಬಿದ್ದಿದ್ದಾಳೆ.

ಮೊದಲನೇ ಸಲ ಹಾಸನದಲ್ಲಿ, ಹೋದ ವರ್ಷ ಹಾಸನಾಂಬೆ ಬಾಗಿಲು ತೆಗೆದಾಗ. ಧರ್ಮದರ್ಶನದ ಸಾಲು, ಬೆಳಗಿನ ಜಾವ ಐದಕ್ಕೆ ನಿಂತವರು ನಾವು, ಒಂಬತ್ತಾದರೂ ಸಾಲು ಕರಗಿರಲಿಲ್ಲ, ಮೇಲಿಂದ ನಮ್ಮಮ್ಮ ದರ್ಶನ ಆಗುವವರೆಗೆ ಮಗುವಿಗೆ ಒಂದು ಬಾಳೆಹಣ್ಣೂ ಕೊಡಲು ಬಿಟ್ಟಿರಲಿಲ್ಲ. 'ಅಪ್ಪಾ ಕಣ್ಣು ಮಂಜಾಗ್ತಿದೆ' ಅಂದಳು. ತಿರುಗಿ ನೋಡುವಷ್ಟರಲ್ಲಿ ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗೆ. ಕಂಬಿ ಹಿಡಿದುಕೊಂಡಿದ್ದವಳು ಹಾಗೇ ಜಾರಿ ಬಿದ್ದಳು. ಒಂದು ನಿಮಿಷದಲ್ಲಿ ಎದ್ದು 'ನಾನು ಯಾಕೆ ಕೆಳಗಿದ್ದೀನಿ' ಅಂತ ಕೇಳಿದಳು. ಎರಡನೇದು ಶಾಲೆ ಪ್ರೇಯರ್‌ನಲ್ಲಿ. ಮೂರನೇದು ಖೋ ಖೋ ಆಡುವಾಗ. ನಾಲ್ಕನೇದು ಮೊನ್ನೆ ಆಗಸ್ಟ್ 15ರ ಪರೇಡ್ ರಿಹರ್ಸಲ್‌ನಲ್ಲಿ. ಆವತ್ತು ಕೈಕಾಲು ಐದಾರು ಸೆಕೆಂಡು ಅದುರಿತಂತೆ. ಟೀಚರ್ ಬೀರುವಿನ ಕೀ ಗೊಂಚಲು ತಂದು ಕೈಗಿಟ್ಟಿದ್ದಾರೆ. ಅಲ್ಲಿಂದ ಊರೆಲ್ಲ 'ಫಿಟ್ಸ್' ಅಂತ ಶುರುವಾಯಿತು.

ಚಿಕ್ಕಮಗಳೂರಿನಲ್ಲಿ ಮಕ್ಕಳ ಡಾಕ್ಟರು ಇಸಿಜಿ ತೆಗೆಸಿದರು, ರಕ್ತ ನೋಡಿದರು, ಎಲ್ಲ ಸರಿ ಇದೆ ಅಂದರು. ಆಮೇಲೆ ಬೆಂಗಳೂರಿಗೆ ಚೀಟಿ ಬರೆದುಕೊಟ್ಟಿದ್ದಾರೆ. ಟಿಲ್ಟ್ ಟೆಸ್ಟ್ ಅಂತೆ. ಮೇಜಿನ ಮೇಲೆ ಕಟ್ಟಿ ನಿಲ್ಲಿಸುತ್ತಾರಂತೆ, ಬೀಳದಿದ್ದರೆ ಔಷಧಿ ಕೊಟ್ಟು ಬೀಳುವ ಹಾಗೆ ಮಾಡುತ್ತಾರಂತೆ. ಇದನ್ನು ಕೇಳಿದ ಮೇಲೆ ನನ್ನ ಹೆಂಡತಿಗೆ ನಿದ್ದೆ ಇಲ್ಲ. ಬೀಳದೆ ಇರಲಿ ಅಂತ ಹರಕೆ ಹೊರುವ ಮಗುವನ್ನು ನಾವೇ ಕರೆದುಕೊಂಡು ಹೋಗಿ ಬೀಳಿಸುವುದಾ? ಅಪಾಯ ಇಲ್ವಾ? ಅಷ್ಟು ಮಾಡಿದರೂ ಏನಾದರೂ ಗೊತ್ತಾಗುತ್ತಾ? ಅರೇಬಿಕಾ ಹಣ್ಣಾಗುವುದರ ಒಳಗೆ ಹೋಗಿ ಬರಬೇಕು, ಆಮೇಲೆ ತೋಟ ಬಿಟ್ಟು ಕದಲುವ ಹಾಗಿಲ್ಲ. ಗೊತ್ತಿದ್ದವರು ಹೇಳಿ.

ಬೇಲೂರು ಬಸ್:

ಅಣ್ಣ ಇದೆಲ್ಲ ನಿಶ್ಶಕ್ತಿ. ಈಗಿನ ಮಕ್ಕಳು ಮುದ್ದೆ ತಿನ್ನಲ್ಲ, ಬರೀ ಬಿಸ್ಕತ್ತು. ಬೆಳಿಗ್ಗೆ ರಾಗಿ ಗಂಜಿ ಕೊಡಿ, ಅಮಾವಾಸ್ಯೆ ದಿನ ದೃಷ್ಟಿ ತೆಗೆಸಿ. ಬೆಂಗಳೂರಿಗೆ ಹೋದರೆ ಒಂದು ಟೆಸ್ಟಿಗೆ ಹೋದವರು ಹತ್ತು ಟೆಸ್ಟ್ ಮಾಡಿಸಿಕೊಂಡು ಬರುತ್ತಾರೆ.

ಅರಸೀಕೆರೆ ಅಮ್ಮ:

ರಾಗಿ ಗಂಜಿ ಕೊಡಿ, ತಪ್ಪೇನಿಲ್ಲ. ಆದರೆ ಮೂಡಿಗೆರೆಯವರೇ, ಅಲ್ಲಿಗೇ ನಿಲ್ಲಬೇಡಿ. ನನ್ನ ಮಗನಿಗೆ ಎರಡು ವರ್ಷದ ಹಿಂದೆ ಇದೇ ಟೆಸ್ಟ್ ಆಯಿತು, ಆಗ ಅವನಿಗೆ 14. ನೋಡಿದ್ದನ್ನು ನೋಡಿದ ಹಾಗೆ ಹೇಳುತ್ತೇನೆ.

ನಾಲ್ಕು ಗಂಟೆ ಮೊದಲಿನಿಂದ ಏನೂ ತಿನ್ನಿಸಬೇಡಿ ಅಂದಿದ್ದರು. ರೂಮು ಅಂದರೆ ದೊಡ್ಡ ಆಪರೇಷನ್ ಥಿಯೇಟರ್ ಏನಲ್ಲ. ಪರದೆ ಎಳೆದು, ಲೈಟ್ ಕಡಿಮೆ ಮಾಡಿ, ಫ್ಯಾನ್ ಸದ್ದು ಬಿಟ್ಟರೆ ನಿಶ್ಶಬ್ದ. ಮೇಜಿನ ತುದಿಗೆ ಕಾಲಿಡಲು ಒಂದು ಹಲಗೆ. ಎದೆಗೆ ಒಂದು ಬೆಲ್ಟು, ಮಂಡಿ ಮೇಲೆ ಒಂದು ಬೆಲ್ಟು. ಎದೆಗೆ ಇಸಿಜಿ ತಂತಿ, ಬೆರಳಿಗೆ ಬಿ.ಪಿ. ನೋಡುವ ಪಟ್ಟಿ. ಸ್ವಲ್ಪ ಹೊತ್ತು ಸುಮ್ನೆ ಮಲಗಿಸಿ, ಆಮೇಲೆ ಗುಂಡಿ ಒತ್ತಿದರೆ ಮೇಜೇ ಎದ್ದು ನಿಲ್ಲುತ್ತದೆ. ಪೂರ್ತಿ ನೆಟ್ಟಗಲ್ಲ, ಗೋಡೆಗೆ ಏಣಿ ಒರಗಿಸಿದ ಹಾಗೆ. 60ರಿಂದ 70 ಡಿಗ್ರಿ ಅಂದರು. ಮೂಲೆಯಲ್ಲಿ ಕುರ್ಚಿ ಹಾಕಿ ನನ್ನನ್ನು ಕೂರಿಸಿದರು, ಮಾತಾಡಬೇಡಿ ಅಂದರು.

20 ನಿಮಿಷ ಏನೂ ಆಗಲಿಲ್ಲ. ಇವನಿಗೆ ಬೇಜಾರಾಗಿ ಕಾಲು ಆಡಿಸಲು ಶುರು ಮಾಡಿದ. ಆಡಿಸಬೇಡಪ್ಪಾ ಅಂದರು ಟೆಕ್ನಿಷಿಯನ್. ಕಾಲಿನ ಮಾಂಸಖಂಡ ಆಡಿದರೆ ರಕ್ತ ಮೇಲಕ್ಕೆ ಹೋಗಿಬಿಡುತ್ತದೆ, ಆಗ ಟೆಸ್ಟ್ ಕೆಡುತ್ತದೆ ಅಂತೆ. ಆಮೇಲೆ ನಾಲಿಗೆ ಕೆಳಗೆ ಒಂದು ಸ್ಪ್ರೇ ಹೊಡೆದರು. ಏಳನೇ ನಿಮಿಷಕ್ಕೆ ಆಕಳಿಸಿದ. ಡಾಕ್ಟರು ತಕ್ಷಣ ಮಾನಿಟರ್ ಹತ್ತಿರ ಬಂದರು, ನನಗೆ ಆಗ ಅರ್ಥ ಆಗಲಿಲ್ಲ. ಮೇಲ್ತುಟಿ ಮೇಲೆ ಬೆವರು ಸಾಲುಗಟ್ಟಿತು. 'ಅಮ್ಮಾ ಹೊಟ್ಟೆ ತೊಳೆಸ್ತಿದೆ' ಅಂದ. 118 ಇದ್ದ ಬಡಿತ ನಾನು ನೋಡುತ್ತಿದ್ದಂತೆ 41ಕ್ಕೆ ಇಳಿಯಿತು, ಕತ್ತು ವಾಲಿತು. ಅಷ್ಟರಲ್ಲೇ ಮೇಜು ಮಟ್ಟಸ ಮಲಗಿಸಿಬಿಟ್ಟರು. ಅರ್ಧ ನಿಮಿಷ ಇರಬೇಕು, ಕಣ್ಣು ಬಿಟ್ಟ. ನನ್ನ ಕಾಲೇ ಅವನಿಗಿಂತ ಜಾಸ್ತಿ ನಡುಗುತ್ತಿತ್ತು, ನಿಜ ಹೇಳುತ್ತೇನೆ. ಸ್ಪ್ರೇಯಿಂದ ಸಾಯಂಕಾಲದವರೆಗೆ ತಲೆನೋವು ಅಂದ, ಅಷ್ಟೇ. ಕೆಳಗೆ ಕ್ಯಾಂಟೀನಿನಲ್ಲಿ ನಾಲ್ಕು ಇಡ್ಲಿ ತಿಂದ.

ನಾನು ಯಾಕೆ ಮಾಡಿಸಿದೆ ಅಂದರೆ ಅವನಿಗೆ ಎಂಟು ತಿಂಗಳಿನಿಂದ ಫಿಟ್ಸ್ ಮಾತ್ರೆ ನಡೆಯುತ್ತಿತ್ತು. ಅವನೂ ಬಿದ್ದಾಗ ಕೈಕಾಲು ಅದುರುತ್ತಿತ್ತು, ಅದಕ್ಕೇ ಹಾಗೆ ತಿಳಿದಿದ್ದರು. ಟೆಸ್ಟಿನಲ್ಲಿ ಅದುರಿದ್ದು ಬಿ.ಪಿ. ಬಿದ್ದಾಗಲೇ ಅಂತ ಕಣ್ಣೆದುರಿಗೇ ಗೊತ್ತಾಯಿತು. ಆಮೇಲೆ ನರರೋಗದ ಡಾಕ್ಟರೇ ಮಾತ್ರೆಯನ್ನು ನಿಧಾನವಾಗಿ ಇಳಿಸಿ ಬಿಡಿಸಿದರು. ನಿಧಾನವಾಗಿ ಅನ್ನುವುದು ಮುಖ್ಯ. ಯಾರಾದರೂ ಇದನ್ನು ಓದಿ ನಾಳೆಯಿಂದಲೇ ಮಾತ್ರೆ ನಿಲ್ಲಿಸಿಬಿಡಬೇಡಿ.

ರಾತ್ರಿ ಪಾಳಿ:

ಹೃದಯದ ವಾರ್ಡಿನಲ್ಲಿ ಸ್ಟಾಫ್ ನರ್ಸ್ ನಾನು, ಊರು ಸಕಲೇಶಪುರ. ಡಾಕ್ಟರ್ ಅಲ್ಲ, ಹಾಗಾಗಿ ನಿಮ್ಮ ಮಗಳಿಗೆ ಇಂಥದ್ದೇ ಅಂತ ಹೇಳುವುದಿಲ್ಲ. ಟೆಸ್ಟ್ ಏನು ಅಂತ ಹೇಳಬಲ್ಲೆ.

ನಾವು ಎದ್ದು ನಿಂತಾಗ ದೊಡ್ಡವರಲ್ಲಾದರೆ ಅರ್ಧ ಲೀಟರಿಗೂ ಜಾಸ್ತಿ ರಕ್ತ ಹೊಟ್ಟೆಗೆ, ಕಾಲಿಗೆ ಇಳಿಯುತ್ತದೆ. ಸಾಮಾನ್ಯವಾಗಿ ರಕ್ತನಾಳ ಬಿಗಿದುಕೊಳ್ಳುತ್ತದೆ, ಬಡಿತ ಏರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಕೆಲವು ಮಕ್ಕಳಲ್ಲಿ ಜಾಸ್ತಿ ಹೊತ್ತು ನಿಂತರೆ, ಸೆಖೆ ಇದ್ದರೆ, ಹಸಿದಿದ್ದರೆ, ರಕ್ತ ಕಂಡರೆ, ಈ ಲೆಕ್ಕ ಒಮ್ಮೆಲೇ ತಿರುಗಿ ಬೀಳುತ್ತದೆ. ಬಿಗಿಯಬೇಕಾದ ನಾಳ ಸಡಿಲ ಆಗುತ್ತದೆ, ಓಡಬೇಕಾದ ಬಡಿತ ನಿಧಾನ ಆಗುತ್ತದೆ. ಮಿದುಳಿಗೆ ಕೆಲವು ಸೆಕೆಂಡು ರಕ್ತ ಸಾಲದೆ ಜ್ಞಾನ ತಪ್ಪುತ್ತದೆ. ಆ ಕೊರತೆಗೇ ಕೈಕಾಲು ಅದುರುವುದೂ ಉಂಟು. ನೆಲಕ್ಕೆ ಬಿದ್ದ ತಕ್ಷಣ ರಕ್ತ ತಲೆಗೆ ಬರುತ್ತದೆ, ಎಚ್ಚರ ಆಗುತ್ತದೆ. ಬೀಳುವುದೇ ಮದ್ದು. ಅದಕ್ಕೇ ಬಿದ್ದ ಮಗುವನ್ನು ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸುವುದು ದೊಡ್ಡ ತಪ್ಪು, ಆಗಲೇ ಅದುರುವುದು ಜಾಸ್ತಿ. ಕೀ ಗೊಂಚಲಿನಿಂದ ಏನೂ ಆಗುವುದಿಲ್ಲ. ಮಲಗಿಸಿ, ಕಾಲು ಮೇಲೆತ್ತಿ, ಸಾಕು.

ಇದನ್ನೇ ಮೇಜಿನ ಮೇಲೆ ಮಾಡಿ ನೋಡುವುದು. 1986ರಲ್ಲಿ ಲಂಡನ್ನಿನ ಡಾಕ್ಟರುಗಳು, ರೋಸ್ ಆನ್ ಕೆನ್ನಿ ಮತ್ತು ಜೊತೆಯವರು, ಕಾರಣ ಸಿಗದೆ ಬೀಳುವವರನ್ನು ಹೀಗೆ ವಾಲಿಸಿ ನೋಡಬಹುದು ಅಂತ ತೋರಿಸಿದರು. ಬರೀ ವಾಲಿಸಿದರೆ ಎಷ್ಟೋ ಜನ ಬೀಳುವುದೇ ಇಲ್ಲ. ಹಾಗಾಗಿ 1989ರಲ್ಲಿ ಅಮೆರಿಕದಲ್ಲಿ ಐಸೋಪ್ರಿನಲಿನ್ ಡ್ರಿಪ್ ಸೇರಿಸಿ ನೋಡಿದರು. ಅದು ಭಯವಾದಾಗ ಮೈಯಲ್ಲಿ ಏರುವ ಅಡ್ರಿನಲಿನ್ ಜಾತಿಯದು. ಬಡಿತ ಮೊದಲಿಗಿಂತ ಶೇಕಡಾ 20ರಿಂದ 25 ಏರುವವರೆಗೆ ಸ್ವಲ್ಪ ಸ್ವಲ್ಪವೇ ಬಿಡುತ್ತಾರೆ. ಮಗುವಿಗೆ ಎದೆ ಹೊಡೆದುಕೊಂಡ ಹಾಗೆ, ಕೈ ನಡುಗಿದ ಹಾಗೆ ಆಗುತ್ತದೆ, ಡ್ರಿಪ್ ನಿಲ್ಲಿಸಿದರೆ ಕೆಲವು ನಿಮಿಷದಲ್ಲಿ ಇಳಿಯುತ್ತದೆ. ಅರಸೀಕೆರೆ ಅಕ್ಕ ಹೇಳಿದ ಸ್ಪ್ರೇ ನೈಟ್ರೋಗ್ಲಿಸರಿನ್, ಎದೆನೋವಿನ ಅಜ್ಜಂದಿರಿಗೆ ಕೊಡುತ್ತಾರಲ್ಲ, ಅದೇ. ಅದು ನಾಳ ಹಿಗ್ಗಿಸುತ್ತದೆ. ಮಕ್ಕಳಿಗೆ ಸ್ಪ್ರೇಯಿಂದ ಒಂದು ಅನುಕೂಲ ಇದೆ, ಔಷಧಿ ಬಿಡಲು ಸೂಜಿ ಬೇಕಿಲ್ಲ. ಕೈಗೆ ಸೂಜಿ ಚುಚ್ಚಿದ್ದಕ್ಕೇ ಬೀಳುವ ಮಕ್ಕಳಿದ್ದಾರೆ, ಆಗ ಟೆಸ್ಟ್ ಯಾವುದನ್ನು ಅಳೆಯಿತು ಹೇಳಿ?

ಅಪಾಯ ಕೇಳಿದಿರಿ. ಮುಚ್ಚಿಡುವುದಿಲ್ಲ, ಟೆಸ್ಟಿನಲ್ಲಿ ಕೆಲವರಿಗೆ ಬಡಿತ ಕೆಲವು ಸೆಕೆಂಡು ಪೂರ್ತಿ ನಿಂತೇ ಹೋಗುವುದಿದೆ. ಮಲಗಿಸಿದರೆ ಬರುತ್ತದೆ. ಅದಕ್ಕೇ ಡಾಕ್ಟರು ಪಕ್ಕದಲ್ಲೇ ಇರಬೇಕು, ಎಮರ್ಜೆನ್ಸಿ ಟ್ರಾಲಿ ಕೈಗೆ ಸಿಗುವಂತಿರಬೇಕು. ಪ್ರೇಯರ್ ಸಾಲಿನಲ್ಲಿ ಸಿಮೆಂಟ್ ನೆಲಕ್ಕೆ ಬೀಳುವುದಕ್ಕಿಂತ ಅಲ್ಲಿ ಬೆಲ್ಟ್ ಕಟ್ಟಿಕೊಂಡು ಬೀಳುವುದೇ ವಾಸಿ ಅನ್ನುವುದು ನನ್ನ ಅನಿಸಿಕೆ.

ಆದರೆ ಇನ್ನೊಂದು ಮಾತು ಇದೆ, ಅದನ್ನು ಯಾರೂ ಹೇಳುವುದಿಲ್ಲ. ಔಷಧಿ ಸೇರಿಸಿದಷ್ಟೂ ಬೀಳುವವರು ಜಾಸ್ತಿ ಸಿಗುತ್ತಾರೆ, ನಿಜ. ಹಾಗೇ ಜೀವಮಾನದಲ್ಲಿ ಎಂದೂ ಬೀಳದ ಮಕ್ಕಳೂ ಬೀಳುತ್ತಾರೆ. ಬಿದ್ದರೆ ಕಾಯಿಲೆ ಸಿಕ್ಕಿತು, ಬೀಳದಿದ್ದರೆ ಏನೂ ಇಲ್ಲ, ಅಷ್ಟು ಸುಲಭ ಅಲ್ಲ ಇದು. ಮೇಜಿನ ಮೇಲೆ ಆದದ್ದು ಪ್ರೇಯರ್‌ನಲ್ಲಿ ಆದ ಹಾಗೇ ಇತ್ತಾ ಅಂತ ಮಗುವನ್ನೇ ಕೇಳಬೇಕು. ಹೇಗೆ ಬಿತ್ತು ಅನ್ನುವ ಕಥೆ ಸರಿಯಾಗಿ ಗೊತ್ತಿದ್ದರೆ ಎಷ್ಟೋ ಮಕ್ಕಳಿಗೆ ಈ ಮೇಜೇ ಬೇಕಾಗಿಲ್ಲ, ಕಥೆ ಮತ್ತು ಇಸಿಜಿ ಸಾಕು.

ನಿಮ್ಮ ಕಥೆಯಲ್ಲಿ ನನಗೆ ತಡೆದದ್ದು ಮೂರನೇದು. ಹಾಸನಾಂಬೆ ಸಾಲು, ಪ್ರೇಯರ್, ಪರೇಡ್, ಮೂರೂ ನಿಂತು ನಿಂತು ಆದದ್ದು. ಖೋ ಖೋ ಅಂದಿರಲ್ಲ, ಓಡುತ್ತಿರುವಾಗಲೇ ಬಿದ್ದಳಾ?

ಮೂಡಿಗೆರೆ ಅಪ್ಪ:

ಅಕ್ಕ, ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ನಮಗೆ ಯಾರೂ ಹೇಳಿರಲಿಲ್ಲ. ಹೌದು, ಓಡುವಾಗ ಅಂತಲೇ ಶಾಲೆಯಿಂದ ಫೋನ್ ಬಂದಿತ್ತು. ಡಾಕ್ಟರಿಗೂ ನಾನು ಬರೀ 'ಆಟ ಆಡುವಾಗ' ಅಂದಿದ್ದೆ. ಅದೇನು ಅಷ್ಟು ಮುಖ್ಯಾನಾ?

ಹಾಸನ ಪಿ.ಟಿ. ಮೇಷ್ಟ್ರು:

ಮುಖ್ಯ. ರಿಟೈರ್ ಆದ ಪಿ.ಟಿ. ಮೇಷ್ಟ್ರು ನಾನು, 27 ವರ್ಷ ಆಗಸ್ಟ್ 15, ಜನವರಿ 26 ಅಂತ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿದ ಪಾಪ ನನ್ನದು. ನಿಂತು ಬೀಳುವ ಮಗುವನ್ನು ನಾನು ದೂರದಿಂದಲೇ ಹೇಳುತ್ತಿದ್ದೆ. ಮೊದಲು ತೂಗಾಡುತ್ತದೆ, ಕಣ್ಣು ಉಜ್ಜಿಕೊಳ್ಳುತ್ತದೆ, ಕಾಲರ್ ಸಡಿಲ ಮಾಡಿಕೊಳ್ಳುತ್ತದೆ, ಆಮೇಲೆ ಬಾಳೆಗಿಡ ವಾಲಿದ ಹಾಗೆ ವಾಲುತ್ತದೆ. ಓಡುತ್ತಾ ಓಡುತ್ತಾ ಬೀಳುವ ಮಗು ಹಾಗಲ್ಲ. ಸೂಚನೆಯೇ ಇರುವುದಿಲ್ಲ. ನನ್ನ ಸರ್ವಿಸ್‌ನಲ್ಲಿ ಒಬ್ಬನೇ ಹುಡುಗ ಹಾಗೆ ಬಿದ್ದದ್ದು, 400 ಮೀಟರ್ ಓಟದ ಎರಡನೇ ತಿರುವಿನಲ್ಲಿ. ಎಡವಿದ ಅಂದುಕೊಂಡೆವು. ಕೈ ಕೂಡ ಮುಂದೆ ಬರಲಿಲ್ಲ, ಮುಖ ಅಡಿಯಾಗಿ ಬಿದ್ದ. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದಾಗ ಹೃದಯದ ಗೋಡೆ ದಪ್ಪ ಆಗಿದೆ ಅಂತ ಗೊತ್ತಾಯಿತು. ಈಗ ಚೆನ್ನಾಗಿದ್ದಾನೆ, ಅಂಗಡಿ ಇಟ್ಟಿದ್ದಾನೆ, ಓಟ ಬಿಟ್ಟ. ನಿಮ್ಮನ್ನು ಹೆದರಿಸುತ್ತಿಲ್ಲ ಸ್ವಾಮಿ. ಆವತ್ತು ಮೈದಾನದಲ್ಲಿ ಕಣ್ಣಾರೆ ನೋಡಿದವರು ಯಾರು ಅಂತ ಹುಡುಕಿ ಕೇಳಿ. ಫೋನ್ ಮಾಡಿದ ಕ್ಲರ್ಕ್ ನೋಡಿರುವುದಿಲ್ಲ.

ರಾತ್ರಿ ಪಾಳಿ:

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು. ಓಡುವಾಗಲೇ ಬಿದ್ದದ್ದಾದರೆ ಟಿಲ್ಟ್ ಮೇಜು ಆಮೇಲೆ, ಮೊದಲು ಎಕೋ, ಓಡಿಸಿ ಇಸಿಜಿ ನೋಡುವ ಟ್ರೆಡ್‌ಮಿಲ್. ಹೃದಯದ ಗೋಡೆ ದಪ್ಪ ಆಗಿ ರಕ್ತದ ದಾರಿ ಕಟ್ಟಿಕೊಂಡಿದ್ದರೆ ಆ ಐಸೋಪ್ರಿನಲಿನ್ ಕೊಡಲೇಬಾರದು, ಅಪಾಯ ಅಲ್ಲಿದೆ. ಇಸಿಜಿ ಕೂಡ ಇನ್ನೊಮ್ಮೆ ಹೃದಯದ ಡಾಕ್ಟರೇ ನೋಡಲಿ. ಕ್ಯೂಟಿ ಅನ್ನುವ ಅಳತೆ, ಅಂದರೆ ಒಂದೊಂದು ಬಡಿತಕ್ಕೂ ಹೃದಯದ ವಿದ್ಯುತ್ ಏರಿ ಇಳಿಯಲು ಹಿಡಿಯುವ ಸಮಯ, ಉದ್ದ ಇದೆಯಾ ಅಂತ ಕೈಯಾರೆ ಅಳೆದು ನೋಡಬೇಕು, ಮಿಷಿನ್ ಪ್ರಿಂಟ್ ಮಾಡಿದ್ದನ್ನು ನಂಬಿ ಬಿಡಬಾರದು. ಆ ತೊಂದರೆ ಇರುವ ಮಕ್ಕಳು ಈಜುವಾಗ ಬೀಳುತ್ತಾರೆ, ಅಲಾರಂ ಹೊಡೆದಾಗ ಬೆಚ್ಚಿ ಜ್ಞಾನ ತಪ್ಪುತ್ತಾರೆ, ಅದನ್ನೂ ಫಿಟ್ಸ್ ಅಂತಲೇ ತಿಳಿಯುತ್ತಾರೆ.

ಮನೆಯಲ್ಲೂ ಕೇಳಿ. ನಿಮ್ಮಿಬ್ಬರ ಕಡೆ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡವರು, ಈಜು ಬರುತ್ತಿದ್ದರೂ ಕೆರೆಯಲ್ಲಿ ಮುಳುಗಿದವರು, ಹುಟ್ಟು ಕಿವುಡು ಇದ್ದು ಬೀಳುತ್ತಿದ್ದ ಮಕ್ಕಳು ಯಾರಾದರೂ ಇದ್ದರಾ? ಇಂಥದ್ದನ್ನು ಅಜ್ಜಿಯರನ್ನೇ ಕೇಳಬೇಕು, ಗಂಡಸರಿಗೆ ನೆನಪಿರುವುದಿಲ್ಲ.

ಬೇಲೂರು ಬಸ್:

ಅಕ್ಕ, ನನ್ನ ಅಣ್ಣನ ಮಗಳು ದಿನಕ್ಕೆ ನಾಲ್ಕು ಸಲ ಬೀಳುತ್ತಾಳೆ, ಪರೀಕ್ಷೆ ಹತ್ತಿರ ಬಂದರೆ ಇನ್ನೂ ಜಾಸ್ತಿ. ನಾಟಕ ಅಂತಾರೆ ಮನೆಯಲ್ಲಿ. ಅವಳಿಗೂ ಈ ಟೆಸ್ಟ್ ಆಗುತ್ತಾ?

ರಾತ್ರಿ ಪಾಳಿ:

ರಾಗಿ ಗಂಜಿ ಕೊಟ್ಟಿರಾ ಅಂತ ಕೇಳಬೇಕು ಅನ್ನಿಸಿತು, ಬಿಡಿ. ನಾಟಕ ಅನ್ನಬೇಡಿ. ಅಂಥ ಮಕ್ಕಳಿಗೇ ಈ ಟೆಸ್ಟಿನಿಂದ ಜಾಸ್ತಿ ಉಪಯೋಗ. ಮೇಜಿನ ಮೇಲೆ ಬಿದ್ದಾಗ ಬಿ.ಪಿ., ಬಡಿತ ಎರಡೂ ಸರಿ ಇದ್ದರೆ ಇದು ರಕ್ತದ ವಿಷಯ ಅಲ್ಲ, ಮನಸ್ಸಿನ ಭಾರ ಮೈಗೆ ಇಳಿದಿದೆ ಅಂತ ಗೊತ್ತಾಗುತ್ತದೆ. ಅದಕ್ಕೂ ಚಿಕಿತ್ಸೆ ಇದೆ, ಆ ಮಗು ಬೇಕಂತ ಮಾಡುತ್ತಿರುವುದಿಲ್ಲ. ಇನ್ನು ಕೆಲವರಿಗೆ ಬಿ.ಪಿ. ಬೀಳದೆ, ನಿಂತ ಹತ್ತು ನಿಮಿಷದಲ್ಲಿ ಬಡಿತ ಮಾತ್ರ ಮಲಗಿದ್ದಾಗ ಇದ್ದದ್ದಕ್ಕಿಂತ ನಿಮಿಷಕ್ಕೆ 40ರಷ್ಟೋ ಅದಕ್ಕೂ ಜಾಸ್ತಿಯೋ ಏರಿಬಿಡುತ್ತದೆ, ಅದು ಬೇರೆಯೇ ತೊಂದರೆ. ಮಕ್ಕಳ ಡಾಕ್ಟರಿಗೆ ತೋರಿಸಿ ಮೊದಲು.

ಮೂಡಿಗೆರೆ ಅಪ್ಪ:

ಶಾಲೆಗೆ ಹೋಗಿದ್ದೆ. ಕಣ್ಣಾರೆ ನೋಡಿದ್ದು ಅವಳ ಫ್ರೆಂಡ್ ಒಬ್ಬಳು, ಮತ್ತೆ ಅಡುಗೆಯವರು. ಓಡುವಾಗ ಅಲ್ಲವಂತೆ. ಔಟ್ ಆಗಿ ಅಂಕಣದ ಹೊರಗೆ ಬಂದು, ಸೊಂಟದ ಮೇಲೆ ಕೈ ಇಟ್ಟುಕೊಂಡು ಬಿಸಿಲಲ್ಲಿ ಒಂದೆರಡು ನಿಮಿಷ ನಿಂತಿದ್ದಾಳೆ, 'ಯಾಕೋ ಕಿವಿ ಗುಂಯ್ ಅಂತಿದೆ ಕಣೇ' ಅಂದಿದ್ದಾಳೆ, ಆಮೇಲೆ ಬಿದ್ದಿದ್ದಾಳೆ.

ಮನೆಯಲ್ಲೂ ಕೇಳಿದೆ. ಚಿಕ್ಕ ವಯಸ್ಸಿನ ಸಾವು ಎರಡೂ ಕಡೆ ಇಲ್ಲ. ಆದರೆ ನಮ್ಮತ್ತೆ ಒಂದು ಬಾಂಬ್ ಹಾಕಿದರು. ನನ್ನ ಹೆಂಡತಿಯೂ ಹುಡುಗಿಯಾಗಿದ್ದಾಗ ಪ್ರೇಯರ್‌ನಲ್ಲಿ ಬೀಳುತ್ತಿದ್ದಳಂತೆ. ಹದಿನಾಲ್ಕು ವರ್ಷ ಸಂಸಾರ ಮಾಡಿದ್ದೇನೆ, ಒಂದು ದಿನ ಹೇಳಿಲ್ಲ. ಮದುವೆ ಸಮಯದಲ್ಲಿ ಹೇಳಬೇಡ ಅಂದಿದ್ದರಂತೆ, ಆಮೇಲೆ ಮರೆತೇ ಹೋಯಿತಂತೆ.

ರಾತ್ರಿ ಪಾಳಿ:

ಪಾಪ, ಅವರ ಮೇಲೆ ರೇಗಬೇಡಿ. ಈ ತರಹದ ಬೀಳುವಿಕೆ ಮನೆಯಲ್ಲಿ ಹರಿದು ಬರುವುದು ಎಷ್ಟೋ ಕಡೆ ಇದೆ. ಓಟ ನಿಲ್ಲಿಸಿದ ಮೇಲೆ ನಿಂತು ಬೀಳುವುದು ಸಮಾಧಾನದ ವಿಷಯವೇ, ಆದರೂ ಎಕೋ ಬಿಡಬೇಡಿ. ಈ ಕಿವಿ ಗುಂಯ್ ಅಂದ ಮಾತನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ನಾಲ್ಕೂ ಸಲದ್ದು ಬೇರೆ ಬೇರೆ. ಅಲ್ಲಿ ಡಾಕ್ಟರ ಎದುರು ಎಲ್ಲ ಮರೆತುಹೋಗುತ್ತದೆ.

ಮೂಡಿಗೆರೆ ಅಪ್ಪ:

ಮೂರು ವಾರ ಆಯಿತು, ಹೋಗಿ ಬಂದೆವು. ಕೇಳಿದವರಿಗೆಲ್ಲ ಹೇಳಬೇಕು ಅಂತ ಬರೆಯುತ್ತಿದ್ದೇನೆ.

ಚೀಟಿ ಓದಿದ ಡಾಕ್ಟರು ನಕ್ಕು, ಅರ್ಧ ಕೆಲಸ ನೀವೇ ಮಾಡಿದ್ದೀರಿ ಅಂದರು. ಎಕೋ, ಟ್ರೆಡ್‌ಮಿಲ್ ಎರಡೂ ಸರಿ. ನಿಜ ಹೇಳಬೇಕೆಂದರೆ ಟಿಲ್ಟ್ ಬೇಡ ಅಂತಲೂ ಬಿಡಬಹುದು, ಕೈಕಾಲು ಅದುರಿದ್ದರ ಅನುಮಾನ ನಿಮ್ಮ ಮನಸ್ಸಿನಲ್ಲಿ, ಶಾಲೆಯವರ ಮನಸ್ಸಿನಲ್ಲಿ ಉಳಿಯುವುದಾದರೆ ಮಾಡೋಣ ಅಂದರು. ನಾವು ಮಾಡಿಸಿದೆವು. 20 ನಿಮಿಷ ಏನೂ ಇಲ್ಲ. ಸ್ಪ್ರೇ ಹೊಡೆದು ಒಂಬತ್ತನೇ ನಿಮಿಷಕ್ಕೆ ಬಿ.ಪಿ. ಮೇಲಿನದು 106ರಿಂದ 58ಕ್ಕೆ ಬಂತು. ಕಣ್ಣು ಮುಚ್ಚುವ ಮೊದಲು ಅವಳು ಹೇಳಿದ್ದು 'ಅಪ್ಪಾ, ಹಾಸನಾಂಬೆ ಸಾಲಲ್ಲಿ ಆದ ಹಾಗೇ ಆಗ್ತಿದೆ'. ಡಾಕ್ಟರು ಅದನ್ನು ಅಕ್ಷರ ಬಿಡದೆ ರಿಪೋರ್ಟಿನಲ್ಲಿ ಬರೆದುಕೊಂಡರು. ಕೈ ಸ್ವಲ್ಪ ಅದುರಿತು, ಮಲಗಿಸಿದ ಕೂಡಲೇ ನಿಂತಿತು. ನನ್ನ ಹೆಂಡತಿ ಹೊರಗೆ ಕೂತಿದ್ದಳು, ಒಳಗೆ ಬರಲೇ ಇಲ್ಲ.

ಮಾತ್ರೆ ಏನೂ ಕೊಟ್ಟಿಲ್ಲ. ತಿಂಡಿ ತಪ್ಪಿಸಬಾರದು, ನೀರು ಜಾಸ್ತಿ, ಮಜ್ಜಿಗೆಗೆ ಉಪ್ಪು. ಕಣ್ಣು ಮಂಜಾದ ತಕ್ಷಣ ನಾಚಿಕೆ ಬಿಟ್ಟು ಕೂತುಬಿಡು, ಮಲಗಿದರೆ ಇನ್ನೂ ಒಳ್ಳೆಯದು ಅಂದರು. ಕೂರಲು ಆಗದ ಕಡೆ ಕಾಲನ್ನು ಕತ್ತರಿ ಹಾಕಿ ತೊಡೆ ಬಿಗಿ ಹಿಡಿಯುವುದು, ಮುಷ್ಟಿ ಗಟ್ಟಿ ಕಟ್ಟುವುದು, ಅಲ್ಲೇ ನಿಲ್ಲಿಸಿ ಕಲಿಸಿಕೊಟ್ಟರು. ಶಾಲೆಗೂ ಒಂದು ಪತ್ರ ಕೊಟ್ಟಿದ್ದಾರೆ.

ಇನ್ನು ಹಾಸನಾಂಬೆ ಬಾಗಿಲು ತೆಗೆಯುವ ದಿನ ಹತ್ತಿರ ಬಂತು. ನಮ್ಮಮ್ಮನಿಗೆ ರಿಪೋರ್ಟ್ ಓದಿ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು, ಮಗು ಅವಲಕ್ಕಿ ತಿಂದುಕೊಂಡು ಬರಲಿ, ಅವಳ ಪಾಲಿನ ಉಪವಾಸ ನಾನೇ ಮಾಡುತ್ತೇನೆ ಅಂದರು. ಅವರಿಗೆ 71, ಶುಗರ್ ಬೇರೆ ಇದೆ. ಈಗ ಅವರನ್ನು ಹೇಗೆ ತಡೆಯುವುದು ಅಂತ ನೋಡುತ್ತಿದ್ದೇನೆ.

ಹಾಸನ ಪಿ.ಟಿ. ಮೇಷ್ಟ್ರು:

ಒಳ್ಳೆಯದಾಯಿತು ಸ್ವಾಮಿ. ಪ್ರೇಯರ್‌ನಲ್ಲಿ ಕತ್ತರಿ ಕಾಲು ಹಾಕುತ್ತಾಳಾ? ನಮ್ಮ ಕಾಲದಲ್ಲಿ ಸಾವಧಾನ್ ಅಂದ ಮೇಲೆ ಕಾಲು ಕದಲಿಸಿದರೆ ಬೆತ್ತ ಬೀಳುತ್ತಿತ್ತು. ಈಗ ಅನ್ನಿಸುತ್ತದೆ, ಬೀಳುವ ಮಕ್ಕಳನ್ನು ನಾವೇ ತಯಾರು ಮಾಡುತ್ತಿದ್ದೆವು.

ಮೂಡಿಗೆರೆ ಅಪ್ಪ:

ಹಾಕುತ್ತಾಳೆ ಮೇಷ್ಟ್ರೇ. ಅವಳನ್ನು ನೋಡಿ ಈಗ ಏಳನೇ ಕ್ಲಾಸಿನ ಅರ್ಧ ಸಾಲು ಕಾಲು ಕತ್ತರಿ ಹಾಕಿಕೊಂಡೇ ನಾಡಗೀತೆ ಹಾಡುತ್ತದಂತೆ. ಹೆಡ್‌ಮಾಸ್ಟರ್ ಕೇಳಿದರೆ 'ಬಿ.ಪಿ. ಸಾರ್' ಅಂತಾರಂತೆ.